ನಾಲ್ಕನೆಯ ಸೇರಿನ ಹಾಡು

ಉದ್ದವ್ವನ ಮಗಳು ತೀರಿಕೊಂಡು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಆದರೂ ಮೂಡಲಗಿಗೆ ಹಿಟ್ಟಿನ ಗಿರಣಿ ಬರುವತನಕ ಅವಳು ದಿನಾ ನಸುಕಿನಲ್ಲಿ ಆ ಮಗಳನ್ನು ಒಮ್ಮೆ ಭೇಟಿಯಾಗುತ್ತಿದ್ದಳು. ಬೀಸುವ ಕಲ್ಲಿನ ಮುಂದೆ, ಮೂರು ಸೇರು ಜೋಳ ಮುಗಿದು ನಾಲ್ಕನೆಯ ಸೇರಿಗೆ ಕೈ ಹಾಕಿದಾಗ.

ಇದು ಕಾಶೆವ್ವನಿಗೆ ತಿಳಿದದ್ದು ತಡವಾಗಿ. ತಿಳಿಯುವ ಹೊತ್ತಿಗೆ ಮಾಡಬಾರದ್ದನ್ನೆಲ್ಲ ಅವಳೇ ಮಾಡಿ ಮುಗಿಸಿದ್ದಳು.

ಕಾಶೆವ್ವ ಬೆಳಗಾವಿಯ ಹುಡುಗಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಬೆಲ್ಲದ ವ್ಯಾಪಾರದ ಮುರಿಗೆಪ್ಪನವರ ಮನೆಗೆ, ಅವರ ಮಗ ವೀರಪ್ಪನ ಹೆಂಡತಿಯಾಗಿ ಬಂದ ಮೊದಲ ನಸುಕಿನಲ್ಲೇ ಅವಳಿಗೆ ಎಚ್ಚರವಾದದ್ದು ಒಂದು ಗುಡುಗುಡು ಸದ್ದಿಗೆ. ಗಾಡಿ ಬಂತೇನೋ ಅಂದುಕೊಂಡಳು. ಗಾಡಿಯಾದರೆ ಮುಂದೆ ಹೋಗಬೇಕಲ್ಲ, ಇದು ನಿಂತಲ್ಲೇ ತಿರುಗುತ್ತಿತ್ತು. ಆ ಸದ್ದಿನ ಮೇಲೆ ಕೂತುಕೊಂಡಂತೆ ಒಂದು ಹೆಣ್ಣು ದನಿ, ಏರದೆ ಇಳಿಯದೆ, ಒಂದೇ ಎಳೆಯಾಗಿ ಹರಿಯುತ್ತಿತ್ತು.

"ನಿಮ್ಮ ಮನ್ಯಾಗ ದಿನಾ ಯಾರ ಅಳತಾರ್ರಿ?" ಎಂದು ಗಂಡನನ್ನು ಕೇಳಿದಳು.

ವೀರಪ್ಪ ಹೊದಿಕೆಯೊಳಗೇ ನಕ್ಕ. "ಅಳೂದಲ್ಲ ಅದು, ಉದ್ದವ್ವ ಹಾಡಾಕತ್ತಾಳ. ರೊಟ್ಟಿ ತಿನ್ನೂ ಮುಂದ ಹಲ್ಲಿಗಿ ಏನರ ಸಿಕ್ಕರ ಹರಳ ಅಂತ ತಿಳೀಬ್ಯಾಡ. ಆಕೀ ಹಾಡಿನ ಚೂರ ಇರತೈತಿ."

ಬೆಳಗಾವಿಯ ತವರಿನ ಎದುರು ಮನೆಯಲ್ಲಿ ಹಾರ್ಮೋನಿಯಂ ಇತ್ತು. ನಾಟಕ ಕಂಪನಿ ಬಂದು ತಂಬು ಹೊಡೆದರೆ ಸಾಲಿಯ ಹುಡುಗಿಯರೆಲ್ಲ ಪುಸ್ತಕದ ಮರೆಯಲ್ಲಿ ರಂಗದ ಹಾಡು ಗುನುಗುತ್ತಿದ್ದರು. ಆ ಹಾಡುಗಳಲ್ಲಿ ಸ್ವರ ಏರಿಸಿ ಇಳಿಸುವ ತಾನವಿತ್ತು, ತಿರುವಿತ್ತು, ಕೊನೆಯಲ್ಲಿ ಕೈಚಪ್ಪಾಳೆ ಬೇಡುವ ಒಂದು ಜಿಗಿತವಿತ್ತು. ಅವನ್ನು ಕೇಳಿ ಬೆಳೆದ ಕಿವಿಗೆ ಉದ್ದವ್ವನ ಹಾಡೆಂದರೆ ಊರ ಹೊರಗಿನ ಬಯಲು. ನೋಡಿದಷ್ಟೂ ಒಂದೇ.

ಉದ್ದವ್ವ ಧುಪದಾಳದ ಹೆಣ್ಣು. ಹನ್ನೆರಡಕ್ಕೆ ಮದುವೆಯಾಗಿ ಹುಕ್ಕೇರಿಯ ಕಡೆ ಹೋದವಳು. ಅತ್ತೆ ಮುದಕವ್ವ ಕಲ್ಲಿನ ಒಂದು ಕಡೆ, ಸೊಸೆ ಇನ್ನೊಂದು ಕಡೆ ಕೂತು ಒಂದೇ ಗೂಟಕ್ಕೆ ನಾಲ್ಕು ಕೈ ಹಾಕಿ ಬೀಸುತ್ತಿದ್ದರಂತೆ. ಕೂಸು ಹುಟ್ಟಿದವು, ಮೂರು, ಒಂದೂ ನಿಲ್ಲಲಿಲ್ಲ. ನಾಲ್ಕನೆಯದು ಹೆಣ್ಣು. ಚೆಂದದ ಹೆಸರಿಟ್ಟರೆ ಇದರ ಮೇಲೂ ಸಾವಿನ ಕಣ್ಣು ಬಿದ್ದೀತು ಎಂದು ಹೆದರಿ ಕಾಡವ್ವ ಎಂದು ಕರೆದರು. ಕಾಡವ್ವ ಐದು ವರ್ಷ ಇದ್ದಳು. ದೊಡ್ಡ ಜ್ವರದ ವರ್ಷ, ಊರಿಗೆ ಊರೇ ಮಲಗಿದಾಗ, ಗಂಡ ಹೋದ ಎಂಟನೆಯ ದಿನಕ್ಕೆ ಅವಳೂ ಹೋದಳು. ಉದ್ದವ್ವ ನಡೆಯುತ್ತ ನಡೆಯುತ್ತ ಮೂಡಲಗಿಗೆ ಬಂದು ಮುರಿಗೆಪ್ಪನವರ ಹಿತ್ತಲಿನ ಚಪ್ಪರದಲ್ಲಿ ನೆಲೆಯಾದಳು. ಅಂದಿನಿಂದ ಬೀಸುತ್ತಲೇ ಇದ್ದಳು. ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ನಡೆಯುವಾಗ ಒಂದು ಕೈಯಲ್ಲಿ ಕಾಣದ ಕೊಡ ಹಿಡಿದಂತೆ ವಾಲಿ ನಡೆಯುವಳು.

ಕಾಶೆವ್ವನ ಅತ್ತೆ ಲಕ್ಕವ್ವ ಉದ್ದವ್ವನನ್ನು ಬೈಯದ ದಿನವಿಲ್ಲ, ಬಿಟ್ಟು ಉಂಡ ದಿನವೂ ಇಲ್ಲ. "ಹಿಟ್ಟ ಸಣ್ಣಾಗಿಲ್ಲ, ಹಾಡ ಮಾತ್ರ ಸಣ್ಣಾಗೇತಿ" ಅನ್ನುವರು. ಉದ್ದವ್ವ ಮೂಗಿಗೆ ಚಿಟಿಕೆ ತಪಕೀರು ಏರಿಸಿ, "ನಿಮ್ಮ ಹಲ್ಲ ಗಟ್ಟಿ ಇರಲಿ ಅಂತ ದಪ್ಪ ಬೀಸೇನ್ರಿ ಎವ್ವಾ" ಅನ್ನುವಳು.

ಗ್ರಾಮೋಫೋನು ಬಂದದ್ದು ಕಾಶೆವ್ವ ಬಂದ ಮರುವರ್ಷ. ವೀರಪ್ಪ ಬೆಳಗಾವಿಯಿಂದ ಎದೆಗವಚಿಕೊಂಡು ತಂದ. ಹಾಡು ತುಂಬಿದ ಕರೀ ತಬಕಡಿಗಳು, ಅಂದರೆ ರೆಕಾರ್ಡುಗಳು, ಹನ್ನೊಂದು. ಒಂದು ಗೋಕಾಕದ ದಾರಿಯಲ್ಲಿ ಒಡೆಯಿತು. ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು, ಚಾವಿ ತಿರುವಿ, ಮುಳ್ಳು ಇಳಿಸಿದಾಗ ಮನೆಯೆಲ್ಲ ಬಾಯಿ ಬಿಟ್ಟು ಕೂತಿತು. ಮುರಿಗೆಪ್ಪನವರು ಮಾತ್ರ ಕಂಬಕ್ಕೆ ಒರಗಿ, ಹುಳಿ ಮಾವಿನಕಾಯಿ ತಿಂದವರ ಮುಖ ಮಾಡಿದರು. ಅವರು ಹರೆಯದಲ್ಲಿ ಆಟದ ಹುಚ್ಚಿನವರು. ಎಲ್ಲಿ ದೊಡ್ಡಾಟವೆಂದರೆ ಅಲ್ಲಿಗೆ, ಕಲ್ಲೋಳಿಯಾಗಲಿ ನಿಡಸೋಸಿಯಾಗಲಿ, ಚಕ್ಕಡಿ ಹೂಡುತ್ತಿದ್ದವರು.

"ಕುಣಿಯವ್ರು ಎಲ್ಲ್ಯಾರ?" ಎಂದರು.

"ಕುಣಿಯವ್ರು ಇಲ್ಲಪ್ಪಾ, ಬರೇ ಹಾಡು. ನಿಮ್ಮ ಆಟಾ ಬೆಳತನಕಾ. ಇದು ಮೂರ ಮಿನಿಟಿಗೆ ಮುಗೀತೈತಿ."

"ಮೂರ ಮಿನಿಟಿನ್ಯಾಗ ನಮ್ಮ ರಾಕ್ಷಸಾ ಮೀಸಿ ಹಚ್ಚಿಕೊಳ್ಳೂದೂ ಮುಗ್ಯಾಂಗಿಲ್ಲೋ ಮಗನ!"

ಉದ್ದವ್ವ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದಳು. ಹಾಡುವ ಹೆಂಗಸು ತಾನದ ಮೇಲೆ ತಾನ ಏರಿಸಿ ಒಂದು ದೀರ್ಘ ಸ್ವರದಲ್ಲಿ ನಿಂತಾಗ ಅವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಪೆಟಿಗ್ಯಾಗ ಕೂತಾಕಿಗಿ ಉಸರ ಹತ್ತೂದಿಲ್ಲೇನ್ರಿ? ಯಾರರ ಆಕೀಗ ನೀರ ಕೊಡ್ರಿ!"

ಎಲ್ಲರೂ ನಕ್ಕರು. ಕಾಶೆವ್ವನೂ ನಕ್ಕಳು. ಆ ಹಾಡು ಅವಳಿಗೆ ಎಷ್ಟು ಹಿಡಿಸಿತೆಂದರೆ, ನಾಯಕನ ದಾರಿ ಕಾಯುವ ಆ ರಂಗದ ಹಾಡನ್ನೇ ದಿನಕ್ಕೆ ನಾಲ್ಕು ಸಲ ಹಾಕಿಸುತ್ತಿದ್ದಳು.

ಮಗಳು ಪಾರವ್ವ ಹುಟ್ಟಿದ ಮೇಲೆ ಕಾಶೆವ್ವ ನಗುವುದು ಕಡಿಮೆಯಾಯಿತು. ಕೂಸಿನ ಹಣೆ ಮುಟ್ಟಿ ನೋಡುವುದು, ಮುಟ್ಟಿದ ಕೈಯೇ ಬೆಚ್ಚಗಿದೆಯೇನೋ ಎಂದು ತಣ್ಣೀರಲ್ಲಿ ಅದ್ದಿ ಮತ್ತೆ ಮುಟ್ಟುವುದು. ತೊಟ್ಟಿಲ ಕಾಲಿಗೆ ಇರುವೆ ಏರದಂತೆ ನೀರ ಬಟ್ಟಲು ಇಡುವುದು, ಆ ನೀರಿನಲ್ಲಿ ಸೊಳ್ಳೆ ಮರಿ ಹಾಕೀತೆಂದು ಚೆಲ್ಲುವುದು. ಕೂಸು ಅತ್ತರೆ ಹೊಟ್ಟೆ ನೋವೆಂಬ ಭಯ, ಅಳದಿದ್ದರೆ ಯಾಕೆ ಅಳುತ್ತಿಲ್ಲವೆಂಬ ಭಯ. "ನಿನ್ನ ಸಾಲಿ ಪುಸ್ತಕದಾಗ ಕೂಸು ಹೆಂಗ ಹಡೀಬೇಕು ಅಂತ ಬರದಿದ್ರ, ಹೆಂಗ ಮರೀಬೇಕು ಅಂತ ಬರದಿಲ್ಲೇನ? ಅರ್ಧಾ ತಾಸರ ಮರತ ಕೂಡಬೇ" ಎಂದು ಲಕ್ಕವ್ವ ರೇಗುವರು.

ಬಾಣಂತಿ ಕೋಣೆಯ ಗೋಡೆಯ ಆಚೆ ಬೀಸುವ ಕಲ್ಲು ಇತ್ತು. ಸಂಜೆಯಿಂದ ಚಡಪಡಿಸಿದ ಕೂಸು, ಕಲ್ಲು ಗುಡುಗತೊಡಗಿದ ಕೂಡಲೇ ಮುಷ್ಟಿ ಬಿಡಿಸಿ ನಿದ್ದೆಹೋಗುತ್ತಿತ್ತು. ಕಾಶೆವ್ವ ಇದನ್ನು ಕಂಡಿದ್ದಳು. ಅಷ್ಟೇ, ಕಂಡದ್ದಕ್ಕೆ ಬೆಲೆ ಕೊಟ್ಟಿರಲಿಲ್ಲ. ಕೂಸಿಗೆ ಎರಡು ತಿಂಗಳಾದಾಗ ಊರಿಗೆ ಎಣ್ಣೆ ಇಂಜಿನ್ನಿನ ಗಿರಣಿ ಬಂತು. ಕಲ್ಲಿನ ಸವಕಲು ಹಿಟ್ಟಿನಲ್ಲಿ ಸೇರಿ ಕರುಳಿಗೆ ಕೂರುತ್ತದೆಂದು ಎಲ್ಲೋ ಆರೋಗ್ಯದ ಪಾಠದಲ್ಲಿ ಓದಿದ್ದು ಅವಳ ನೆನಪಿಗೆ ಬಂತು. ಆ ರೊಟ್ಟಿ ತಾನು ತಿಂದು, ತನ್ನ ಹಾಲು ಕೂಸು ಕುಡಿದು... ಎರಡು ದಿನ ಊಟ ಬಿಟ್ಟಳು. ಜೋಳ ಗಿರಣಿಗೇ ಕಳಿಸಿ ಎಂದು ಹಟ ಹಿಡಿದವಳು ಅವಳು, ಬೇರೆ ಯಾರೂ ಅಲ್ಲ. ಕಲ್ಲನ್ನು ದನದ ಕೊಟ್ಟಿಗೆಗೆ ಉರುಳಿಸಿದರು. ಕೋಳಿಗಳು ಅದರ ಮೇಲೆ ಕೂತವು.

ಕೆಲಸ ಹೋದ ಉದ್ದವ್ವ ಮನೆ ಬಿಟ್ಟು ಹೋದಾಳೆಂದು ಕಾಶೆವ್ವನಿಗೆ ಹೊಸ ಚಿಂತೆ ಹತ್ತಿತು. ಅದಕ್ಕೆ ಅವಳೇ ಒಂದು ಉಪಾಯ ಹುಡುಕಿದಳು. "ಉದ್ದವ್ವಾ, ನೀ ತೊಟ್ಟಿಲ ಬಾಜೂ ಕೂಡು. ಪೆಟಿಗಿಗೆ ಚಾವಿ ಕೊಡತಿರು. ಹಾಡು ಕೇಳಿಕೋತ ಕೂಸು ಮಲಗಲಿ. ನಿನಗೂ ಆರಾಮು."

ಉದ್ದವ್ವ ತನ್ನ ಕೈ ನೋಡಿಕೊಂಡಳು. "ಇದೂ ತಿರವೂದ ಐತೆಲ್ಲ, ತಗೋರಿ."

ಹೀಗೆ ನಲವತ್ತು ವರ್ಷ ಗೂಟ ಹಿಡಿದ ಕೈ ಗ್ರಾಮೋಫೋನಿನ ಚಾವಿ ಹಿಡಿಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಆಗ ನಡೆದಿದ್ದ ದೊಡ್ಡ ಲಡಾಯಿಯಿಂದ ಪೆಟ್ಟಿಗೆಯ ಉಕ್ಕಿನ ಮುಳ್ಳು ಸಿಗದಂತಾದಾಗ ಅವಳೇ ಜಾಲಿ ಮುಳ್ಳು ಆರಿಸಿ ತಂದು, ತುದಿ ನೋಡಿ ಸಿಗಿಸಲು ಕಲಿತಳು. ಜಾಲಿ ಮುಳ್ಳಿಗೆ ಹಾಡು ಸ್ವಲ್ಪ ಮೆತ್ತಗೆ ಬರುತ್ತಿತ್ತು. ಕೂಸು ಮೊದಮೊದಲು ಒಪ್ಪಲಿಲ್ಲ, ಕಿರುಚಿತು, ಆಮೇಲೆ ಅದೇ ರಂಗದ ಹಾಡಿಗೆ ಒಗ್ಗಿತು. ಅದು ಬಿಟ್ಟರೆ ಬೇರೆ ತಬಕಡಿಗೆ ಮಲಗಲೊಲ್ಲದು. ವರ್ಷವಿಡೀ ಆ ಒಂದೇ ಹಾಡು.

ಒಂದು ದಿನ ಹೊತ್ತು ಏರಿದ ಮೇಲೆ ಕಾಶೆವ್ವ ಕೊಟ್ಟಿಗೆಗೆ ಬಂದಾಗ ಉದ್ದವ್ವ ಕಲ್ಲಿನ ಮುಂದೆ ಕೂತಿದ್ದಳು. ಕೋಳಿ ಓಡಿಸಿ, ಸೆರಗಿನಿಂದ ಕಲ್ಲು ಒರೆಸಿ, ಅದರ ಮೇಲೆ ಅಂಗೈ ಇಟ್ಟಿದ್ದಳು. ತಿರುವುತ್ತಿರಲಿಲ್ಲ.

"ಇಲ್ಲೇನ ಮಾಡಾಕತ್ತೀಬೇ?"

"ಮಗಳನ್ನ ಕರ್ಯಾಕತ್ತೇನ್ರಿ. ಬರವಲ್ಲಳು."

ಮುದುಕಿಗೆ ಬುದ್ಧಿ ಕೆಟ್ಟಿತೆಂದರೆ ಕೂಸನ್ನು ಇವಳ ಹತ್ತಿರ ಹೇಗೆ ಬಿಡುವುದು? ಕಾಶೆವ್ವನಿಗೆ ಮೊದಲು ಬಂದದ್ದು ಆ ವಿಚಾರವೇ. ಆಮೇಲೆ ಅದಕ್ಕೆ ನಾಚಿದಳು. ಉದ್ದವ್ವ ನಿಧಾನಕ್ಕೆ ಹೇಳಿದಳು. ಮೊದಲನೆಯ ಸೇರು ದೇವರದು. ಎರಡನೆಯದು ತವರಿನದು, ಅಣ್ಣ ತಮ್ಮಂದಿರದು. ಮೂರನೆಯದು ಅತ್ತೆ ನಾದಿನಿಯರನ್ನು ಬೈಯುವುದು, "ಅದ ಹಾಡೂ ಮುಂದ ನಮ್ಮತ್ತಿ ಕಿವಿ ಮೊಲದ್ದ ಆಗತಿತ್ರಿ" ಎಂದು ಸ್ವಲ್ಪ ನಕ್ಕಳು. ನಾಲ್ಕನೆಯ ಸೇರು ಕಾಡವ್ವನದು. ಅವಳು ಸತ್ತ ಮೇಲೆ ಉದ್ದವ್ವ ತಾನೇ ಕಟ್ಟಿದ ಪದಗಳು. ಅವಳ ನಡಿಗೆ, ಅವಳ ಗಲ್ಲದ ಕುಳಿ, ಎಡಗಾಲಿನ ಮಚ್ಚೆ, ಅವಳು ಧುಪದಾಳದ ಅಣೆಕಟ್ಟಿನ ಮೇಲೆ ಓಡಿದ್ದು, ಎಲ್ಲ ಅದರಲ್ಲಿದ್ದವು.

"ಆಕೀ ಮಾರಿ ನನಗ ನೆನಪಿಲ್ರಿ. ಖರೇ ಹೇಳತೇನಿ, ಹೆತ್ತಾಕಿ ಆಗಿ ನೆನಪಿಲ್ಲ. ಪದದಾಗ ಐತಿ. ಪದಾ ಬಂದ್ರ ಮಾರಿ ಬರತೈತಿ."

"ಹಂಗಾದ್ರ ಹಾಡಲ್ಲ! ಅದಕ್ಕ ಕಲ್ಲ ಯಾಕ ಬೇಕು?"

"ಬಾಯಿಗಿ ಗೊತ್ತಿಲ್ರಿ ಅದು. ಕೈಗಿ ಗೊತ್ತೈತಿ. ಮೂರ ಸೇರ ತಿರವಿದ ಮ್ಯಾಲ ಕೈನ ಬಾಯಿಗಿ ಹೇಳತೈತಿ."

"ಮತ್ತ ತಿರವು."

ಉದ್ದವ್ವ ಏನೂ ತಿಳಿಯದ ಕೂಸನ್ನು ನೋಡುವಂತೆ ಕಾಶೆವ್ವನನ್ನು ನೋಡಿದಳು. "ಬರೇ ಕಲ್ಲ ತಿರವಬಾರದ್ರಿ ಎವ್ವಾ. ಮನೀಗಿ ಬರಗಾಲ ಕರದಂಗ."

ಕಾಶೆವ್ವ ಆ ದಿನವೇ ಅತ್ತೆಯ ಹತ್ತಿರ ನಾಲ್ಕು ಸೇರು ಜೋಳ ಕೇಳಿದಳು. ಲಕ್ಕವ್ವ ಕೊಡಲಿಲ್ಲ. "ಗಿರಣಿ ಹಿಟ್ಟ ಡಬ್ಬಿ ತುಂಬ ಐತಿ. ತಿನ್ನಾಕ ಒಮ್ಮಿ ಬೀಸಿ, ಹಾಡಾಕ ಒಮ್ಮಿ ಬೀಸೂಣು? ಕಾಳ ಸಿಗಲಾರದ ದಿನಾ ಇವು. ಗಿರಣಿ ಬೇಕಂದಾಕಿ ನೀನ ಅಲ್ಲೇನ?" ಕಾಶೆವ್ವ ಖಾಲಿ ಬುಟ್ಟಿ ಇಟ್ಟು ಬಂದಳು. ನಾಳೆ ಮತ್ತೆ ಕೇಳಿದರಾಯಿತು ಅಂದುಕೊಂಡಳು. ನಾಳೆಗೆ ಕೂಸಿಗೆ ಭೇದಿ ಹತ್ತಿತು. ಆಮೇಲೆ ಕೆಮ್ಮು. ಆಮೇಲೆ ಹಲ್ಲು. ಉದ್ದವ್ವನ ನಾಲ್ಕು ಸೇರು ಪ್ರತಿ ದಿನ ಒಂದು ದಿನ ಹಿಂದೆ ಬಿದ್ದಿತು.

ನಡುವೆ ಒಮ್ಮೆ ಕಾಶೆವ್ವ ಆ ಪದಗಳನ್ನು ನೆನಪಿಸಿಕೊಳ್ಳಲು ಕೂತಳು. ಮದುವೆಯಾಗಿ ಮೂರು ವರ್ಷ ಗೋಡೆಯ ಈಚೆ ಮಲಗಿ ಅದೇ ಹಾಡು ದಿನಾ ಕೇಳಿದ್ದಳಲ್ಲ? ಪೆನ್ಸಿಲು ಹಿಡಿದು ಕೂತವಳಿಗೆ ಒಂದು ಸಾಲು ಸಿಕ್ಕಿತು:

*ಧುಪದಾಳ ಒಡ್ಡಿನ ಮ್ಯಾಲ ಧೂಳಗಾಲ ನನ ಮಗಳ...*

ಅಷ್ಟೇ. ಮುಂದೆ ಬರೀ ಗುಡುಗುಡು. ಬಾಯಿಪಾಠದಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು, ಆ ನಸುಕುಗಳಲ್ಲಿ ಕಿವಿಗೆ ದಿಂಬು ಒತ್ತಿಕೊಂಡಿದ್ದಳು.

ಅವಳು ಇದನ್ನು ಹೇಳಿಕೊಂಡು ಅತ್ತಾಗ ಉದ್ದವ್ವನೇ ಸಮಾಧಾನ ಮಾಡಿದಳು. "ಅಳಬ್ಯಾಡ್ರಿ. ನಾನೇನ ಕಡಿಮಿ? ನಮ್ಮತ್ತಿ ಮುದಕವ್ವ ಹಾಡೂವು ಕೇಳಿ, 'ಎತ್ತ ಉಚ್ಚಿ ಹೊಯ್ದಂಗ ಏನ ಎಳೀತೀಬೇ' ಅಂತಿದ್ನಿ. ಧುಪದಾಳದ ಹೊಸಾ ಧಾಟಿ ನಾ ತಂದಾಕಿ. ಓಣಿ ಹೆಂಗಸರೆಲ್ಲಾ ನನ್ನ ಕಡೆ ಕಲ್ಯಾಕ ಬರತಿದ್ರು. ಮುದಕವ್ವ ಒಂದಿನಾ ಕಲ್ಲಿನಿಂದ ಕೈ ತಗದ್ಲು, ಮತ್ತ ಹಾಡಲಿಲ್ಲ. ಆಕೀ ಪದಾ ನನಗೊಂದೂ ಬರೂದಿಲ್ಲ. ಆಕೀಗೂ ಯಾರರ ಸತ್ತವ್ರು ಇದ್ದರೇನೋ ಅದರಾಗ, ನಾ ಕೇಳಲಿಲ್ಲ."

ಮರುವರ್ಷದ ಮಳೆಗಾಲ ಮುಗಿಯುವಾಗ ಲಡಾಯಿಯ ದೆಸೆಯಿಂದ ಇಂಜಿನ್ನಿನ ಎಣ್ಣೆ ಬರುವುದು ನಿಂತಿತು. ಗಿರಣಿ ಬಾಗಿಲು ಹಾಕಿತು. ಊರೆಲ್ಲ ಶಾಪ ಹಾಕುತ್ತಿದ್ದರೆ ಕಾಶೆವ್ವ ಅಡಿಗೆಮನೆಯಲ್ಲಿ ಒಬ್ಬಳೇ ಸಂತೋಷಪಟ್ಟಳು. ಸಂತೋಷಪಟ್ಟದ್ದಕ್ಕೆ ಏನು ಕಾದಿದೆಯೋ ಎಂದು ಕೂಡಲೇ ಹೆದರಿದಳು. ಕಲ್ಲು ಮತ್ತೆ ಒಳಗೆ ಬಂತು. ವೀರಪ್ಪ ಹೊಸ ಗೂಟ ಬಡಿದ. ಲಕ್ಕವ್ವ ತಾವೇ ನಾಲ್ಕು ಸೇರು ಜೋಳ ಅಳೆದು ಬುಟ್ಟಿಗೆ ಹಾಕಿ, "ಹಾಡಿಕೊಳ್ಳಬೇ, ಈಗ ಖರೇನ ಹಿಟ್ಟ ಬೇಕಾಗೇತಿ" ಎಂದರು.

ಉದ್ದವ್ವ ಸ್ನಾನ ಮಾಡಿ, ಇದ್ದ ಎರಡು ಸೀರೆಯಲ್ಲಿ ಒಳ್ಳೆಯದನ್ನು ಉಟ್ಟು ಬಂದಿದ್ದಳು. ಯಾರನ್ನೋ ಎದುರುಗೊಳ್ಳಲು ಹೋಗುವವಳಂತೆ.

ಅಂದು ಪಾರವ್ವನಿಗೆ ಒಂದೂವರೆ ವರ್ಷ. ದವಡೆ ಹಲ್ಲು ಬರುತ್ತಿದ್ದವು. ಮೂರು ದಿನದಿಂದ ಮೈ ಬೆಚ್ಚಗೆ, ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಜಾಲಿ ಮುಳ್ಳಿಗೂ ತಬಕಡಿ ಸವೆದು, ಪೆಟ್ಟಿಗೆ ಕರಕರ ಅನ್ನುವುದು ಬಿಟ್ಟು ಏನೂ ಹಾಡುತ್ತಿರಲಿಲ್ಲ. ಕಾಶೆವ್ವ ಕಲ್ಲಿನ ಪಕ್ಕದಲ್ಲೇ ತೊಟ್ಟಿಲು ಇರಿಸಿ, ಮಡಿಲಲ್ಲಿ ಪೆನ್ಸಿಲು, ಹಾಳೆ ಇಟ್ಟುಕೊಂಡು ಕೂತಳು. ಈ ಸಲ ಬಿಡಬಾರದು.

ಮೊದಲನೆಯ ಸೇರು. ದನಿ ತುಕ್ಕು ಹಿಡಿದಿತ್ತು. ಕಲ್ಲು ತಿರುಗಿದ ಹಾಗೆ ತುಕ್ಕು ಉದುರಿತು. ದೇವರ ಪದಗಳು ಒಂದೂ ತಪ್ಪದೆ ಬಂದವು. ಎರಡನೆಯ ಸೇರಿಗೆ ಉದ್ದವ್ವನ ಬೆನ್ನು ನೆಟ್ಟಗಾಯಿತು. ಅಣ್ಣಂದಿರು ಬಂದರು, ತವರಿನ ಬಾವಿ ಬಂತು. ಮೂರನೆಯದಕ್ಕೆ ಲಕ್ಕವ್ವ ಬಾಗಿಲಿಂದಲೇ "ಅತ್ತಿ ಬೈಯೂ ಪದಾ ಬಂತೇನ? ಕೇಳಸಾಕತ್ತೈತಿ ನನಗ" ಎಂದರು. ಉದ್ದವ್ವ ಹಾಡುತ್ತಲೇ ನಕ್ಕಳು. ಕೂಸು ಮಾತ್ರ ಅಳುತ್ತಲೇ ಇತ್ತು. ಹಿಂದೆ ಇದೇ ಸದ್ದಿಗೆ ಮುಷ್ಟಿ ಬಿಡಿಸುತ್ತಿದ್ದ ಕೂಸು, ಈಗ ಇದನ್ನು ಎಂದೂ ಕೇಳಿಯೇ ಇಲ್ಲವೆಂಬಂತೆ ಕೈಕಾಲು ಒಗೆಯುತ್ತಿತ್ತು.

ನಾಲ್ಕನೆಯ ಸೇರು. ಉದ್ದವ್ವ ಮುಷ್ಟಿ ಜೋಳ ತೆಗೆದು ಕಲ್ಲಿನ ಬಾಯಿಗೆ ಬಿಟ್ಟಳು. ಕಣ್ಣು ಮುಚ್ಚಿದಳು. ಕಾಶೆವ್ವ ಪೆನ್ಸಿಲು ಹಾಳೆಗೆ ಹಚ್ಚಿದಳು. ಕಲ್ಲು ಒಂದು ಸುತ್ತು, ಎರಡು ಸುತ್ತು ತಿರುಗಿತು. ಉದ್ದವ್ವ ಬಾಯಿ ತೆರೆದಳು.

ಬಂದದ್ದು ರಂಗದ ಹಾಡು.

ಅದೇ, ನಾಯಕನ ದಾರಿ ಕಾಯುವ ಹಾಡು. ತಾನ, ತಿರುವು, ಕೊನೆಯ ಜಿಗಿತ, ಎಲ್ಲ ಸರಿಯಾಗಿ. ಜಾಲಿ ಮುಳ್ಳು ತೊಡರುವ ಜಾಗದಲ್ಲಿ ಅವಳ ದನಿಯೂ ತೊಡರಿ ಮುಂದೆ ಹೋಯಿತು. ಉದ್ದವ್ವ ಗಾಬರಿಯಿಂದ ಕಣ್ಣು ತೆರೆದಳು. ಬಾಯಿ ಮುಚ್ಚಿಕೊಂಡಳು. ಮತ್ತೆ ಮುಷ್ಟಿ ಜೋಳ, ಮತ್ತೆ ಎರಡು ಸುತ್ತು, ಮತ್ತೆ ಅದೇ. ತಿರುಗುವುದೆಂದರೆ ಇದೇ ಹಾಡೆಂದು ಕೈ ವರ್ಷವಿಡೀ ಕಲಿತುಬಿಟ್ಟಿತ್ತು. ಕಲಿಸಿದವಳು ಎದುರಿಗೇ ಪೆನ್ಸಿಲು ಹಿಡಿದು ಕೂತಿದ್ದಳು.

ತೊಟ್ಟಿಲಲ್ಲಿ ಅಳು ನಿಂತಿತು. ಪಾರವ್ವ ಎರಡು ಸಲ ಬಿಕ್ಕಿ, ತುಟಿ ಚಪ್ಪರಿಸಿ, ಮುಷ್ಟಿ ಬಿಡಿಸಿದಳು. ಮೂರು ದಿನದ ಮೇಲೆ ಮೊದಲ ನಿದ್ದೆ.

ಉದ್ದವ್ವ ಕಲ್ಲು ನಿಲ್ಲಿಸುವಂತಿರಲಿಲ್ಲ. ಬಾಯಿಗೆ ಹಾಕಿದ ಕಾಳನ್ನು ಬಿಟ್ಟು ಏಳುವುದೆಂದರೆ ಉಣ್ಣುವವರನ್ನು ಅರ್ಧಕ್ಕೆ ಎಬ್ಬಿಸಿದಂತೆ. ಅವಳು ಕಾಶೆವ್ವನನ್ನು ನೋಡಿದಳು. ಸಾಕು, ಹಾಡಬೇಡ ಎಂದು ಹೇಳಬೇಕು ಅನ್ನಿಸಿತು ಕಾಶೆವ್ವನಿಗೆ. ಕೂಸಿನ ಹಣೆ ಮುಟ್ಟಿದಳು. ಬೆವರು ಒಡೆದು ತಣ್ಣಗಾಗುತ್ತಿತ್ತು. ಹೇಳಲಿಲ್ಲ.

ಬದಲಿಗೆ ಬಗ್ಗಿ, ತನಗೆ ಗೊತ್ತಿದ್ದ ಒಂದೇ ಒಂದು ಸಾಲನ್ನು ಮೆಲ್ಲಗೆ ಎತ್ತಿಕೊಟ್ಟಳು. "ಧುಪದಾಳ ಒಡ್ಡಿನ ಮ್ಯಾಲ, ಉದ್ದವ್ವಾ... ಧೂಳಗಾಲ ನನ ಮಗಳ..."

ಉದ್ದವ್ವನ ಮುಖದಲ್ಲಿ ಏನೋ ಹೊತ್ತಿತು. "ಧುಪದಾಳ ಒಡ್ಡಿನ ಮ್ಯಾಲ" ಎಂದು ಅವಳೂ ಎತ್ತಿದಳು. ಅದೂ ರಂಗದ ಧಾಟಿಯಲ್ಲೇ ಬಂತು, ತಾನದ ಸಮೇತ. ಮಗಳ ಧೂಳಗಾಲು ಆ ತಾನದ ಮೇಲೆ ಎರಡು ಹೆಜ್ಜೆ ನಡೆದು ನಿಂತಿತು.

"ಮುಂದ?" ಎಂದಳು ಉದ್ದವ್ವ. ಕೈ ತಿರುವುತ್ತಲೇ ಇತ್ತು. "ಮುಂದಿಂದ ಹೇಳ್ರಿ ಎವ್ವಾ. ನೀವು ಸಾಲಿ ಕಲತವ್ರು. ನೀವು ಕೇಳೀರಲ್ಲ. ಮುಂದ ಏನೈತಿ?"

ಕಾಶೆವ್ವ ಹಾಳೆ ನೋಡಿದಳು. ಹಾಳೆಯ ಮೇಲೂ ಅದೊಂದೇ ಸಾಲಿತ್ತು.

"ಇನ್ನೊಂದ ಸೇರ ಕೊಡ್ರಿ" ಎಂದಳು ಉದ್ದವ್ವ. "ಐದನೇ ಸೇರಿಗಿ ಮಗಳ ಬಂದಾಳು."

ಕಾಶೆವ್ವ ಅತ್ತೆಯನ್ನು ಕೇಳದೆ ಎದ್ದು ಹೋಗಿ ಐದನೆಯ ಸೇರು ಅಳೆದು ತಂದಳು. ಅದು ಮುಗಿಯಿತು. ಆರನೆಯದನ್ನೂ ತಂದಳು. ಲಕ್ಕವ್ವ ಬಾಗಿಲಲ್ಲಿ ಬಂದು ನಿಂತು, ಬೈಯಲೆಂದು ಬಾಯಿ ತೆರೆದವರು, ಕಲ್ಲಿನ ಸುತ್ತ ಬೆಳ್ಳಗೆ ಎದ್ದ ಹಿಟ್ಟಿನ ದಿಬ್ಬವನ್ನೂ ಆ ದಿಬ್ಬದ ಹಿಂದೆ ಉದ್ದವ್ವನ ಮುಖವನ್ನೂ ನೋಡಿ ಒಳಗೆ ಹೋದರು. ಹೊತ್ತು ಮೂಡಿತು. ಕೂಸು ಗಾಢವಾಗಿ ನಿದ್ದೆ ಮಾಡುತ್ತಿತ್ತು. ಕಲ್ಲು ತಿರುಗುತ್ತಿತ್ತು, ರಂಗದ ಹಾಡಿನಲ್ಲಿ ನಾಯಕಿ ದಾರಿ ಕಾಯುತ್ತಿದ್ದಳು, ಉದ್ದವ್ವ ಮುಷ್ಟಿ ಮುಷ್ಟಿ ಜೋಳ ಹಾಕುತ್ತಲೇ ಇದ್ದಳು.